ರುಚಿಯಣ್ಣ ಸಪ್ಪೆಯಾದ ದಿನ

ಎಲ್ಲಾ ಶುರುವಾಗಿದ್ದು ಒಂದು ಚಮಚ ಟೊಮೇಟೊ ಸೂಪಿನಿಂದ.

ಸೂಪಿನ ಕಾರ್ಖಾನೆಯಲ್ಲಿ ರುಚಿ ನೋಡುವುದು ರುಚಿಯಣ್ಣನ ಕೆಲಸ. ಕೊಪ್ಪರಿಗೆಯಿಂದ ಒಂದು ಚಮಚ ಎತ್ತಬೇಕು, ಚಪ್ಪರಿಸಬೇಕು, ಒಂದೇ ಮಾತಲ್ಲಿ ತೀರ್ಪು ಹೇಳಬೇಕು: ಖಾರ, ಹುಳಿ, ಸಪ್ಪೆ, ಇಲ್ಲವೇ ಸರಿ. ಅದಕ್ಕಿಂತ ಹೆಚ್ಚು ಮಾತು ಅಲ್ಲಿ ಯಾರಿಗೂ ಬೇಡ. ಹೀಗೆ ಮಾತಾಡಿ ಮಾತಾಡಿ ಆಸಾಮಿಗೆ ಎಂಥ ಚಟ ಹತ್ತಿತ್ತು ಅಂದರೆ, ಮಾವ ಫೋನ್ ಮಾಡಿ "ಹೇಗಿದೀರಿ ಅಳಿಯಂದ್ರೇ?" ಅಂದರೂ "ಸರಿ" ಅಂದು ಇಟ್ಟುಬಿಡುತ್ತಿದ್ದ. ಸಾಲದ್ದಕ್ಕೆ ಹುಟ್ಟಿನಿಂದ ಬಂದ ಜೋಲು ಮೋರೆ ಬೇರೆ.

ಆವತ್ತು ಅವನ ಪಾಲಿಗೆ ದೊಡ್ಡ ದಿನ. ಹನ್ನೊಂದಕ್ಕೆ ಹೊಸ ಗಿರಾಕಿ ಬಂದು ಸೂಪು ಕುಡಿದು ನೋಡುವವರಿದ್ದರು. ಅವರು ಒಪ್ಪಿದರೆ ರುಚಿಯಣ್ಣನ ಕೆಲಸ ಖಾಯಂ. ಒಪ್ಪದಿದ್ದರೆ ಸೀದಾ ಮನೆಗೆ. ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, "ಸುದ್ದಿ ಗೊತ್ತಾಗೋ ತನಕ ನನಗೆ ಊಟ ಸೇರಲ್ಲ ಕಣ್ರೀ" ಅಂದಿದ್ದಳು.

ಹತ್ತೂವರೆಗೆ ಚಮಚ ಬಾಯಿಗಿಟ್ಟ. ಉಪ್ಪೇ ಇಲ್ಲ! ಇನ್ನೊಂದು ಚಮಚ ನೋಡಿದ. ಊಹೂಂ, ಹರಳಿನಷ್ಟೂ ಇಲ್ಲ. ಬಾಣಸಿಗ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದ್ದ, ಫೋನ್ ಎತ್ತಲಿಲ್ಲ. ಉಪ್ಪಿನ ಮೂಟೆ ಉಗ್ರಾಣದಲ್ಲಿ, ಬೀಗದ ಕೈ ಉಗ್ರಾಣದವರ ಸೊಂಟದಲ್ಲಿ. ರುಚಿಯಣ್ಣ ಎದ್ದೆನೋ ಬಿದ್ದೆನೋ ಅಂತ ಓಡಿದ.

"ಏನ್ರೀ ರುಚಿಯಣ್ಣ, ಹೇಗಿದೆ ಇವತ್ತು?" ಅಂದರು ಉಗ್ರಾಣದವರು.

"ಸಪ್ಪೆ," ಅಂದ ಇವನು ಏದುಸಿರು ಬಿಡುತ್ತಾ. "ಪೂರ್ತಿ ಸಪ್ಪೆ!"

ಉಗ್ರಾಣದವರು ಆ ಮೋರೆಯನ್ನೊಮ್ಮೆ ದಿಟ್ಟಿಸಿದರು. ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುವ ಸುಲಭ ಉಪಾಯಗಳು ಅಂತ ಅವರು ಮೊನ್ನೆಯಷ್ಟೇ ಎಲ್ಲೋ ಓದಿದ್ದರು. ಯಾರ ಮೇಲೆ ಪ್ರಯೋಗಿಸಲಿ ಅಂತ ಕೈ ತುರಿಸಿಕೊಳ್ಳುತ್ತಾ ಕಾಯುತ್ತಿದ್ದರು.

"ಅಯ್ಯೋ ಪಾಪ! ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ."

"ಮುಖ ಅಲ್ಲಾ ರೀ! ಉಪ್ಪು! ಉಪ್ಪು ಬೇಕು!"

"ನಿಜ ಕಣ್ರೀ. ಬದುಕು ಅಂದ್ಮೇಲೆ ಒಂಚೂರು ಉಪ್ಪು ಖಾರ ಬೇಕಪ್ಪ. ಬನ್ನಿ, ಮೊದಲು ಬಿಸಿಲಿಗೆ ಬನ್ನಿ."

ರಟ್ಟೆ ಹಿಡಿದು ಅಂಗಳಕ್ಕೆ ಎಳೆದೇಬಿಟ್ಟರು. "ಉಸಿರು ಎಳ್ಕೊಳ್ಳಿ. ಹಾಂ, ಹಿಡ್ಕೊಳ್ಳಿ. ಬಾಯಿ ಬಿಡಬಾರದು!" ರುಚಿಯಣ್ಣ ಹೇಳಬೇಕೆಂದಿದ್ದ "ಸೂಪಿಗೆ" ಗಂಟಲಲ್ಲೇ ಉಳಿಯಿತು. ಗೋಡೆ ಗಡಿಯಾರದ ಮುಳ್ಳು ಮಾತ್ರ ಯಾರ ಮಾತಿಗೂ ಕಾಯದೆ ಓಡುತ್ತಿತ್ತು.

ಅಷ್ಟರಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುವ ಅಕ್ಕ ಬಂದಳು. ಊರ ಕಷ್ಟವನ್ನೆಲ್ಲಾ ತನ್ನ ಸೆರಗಿಗೆ ಕಟ್ಟಿಕೊಳ್ಳುವ ಹೆಂಗಸು.

"ಏನಾಯ್ತಣ್ಣಾ?"

"ಸಪ್ಪೆಯಾಗಿದಾರೆ. ಬದುಕಲ್ಲಿ ಉಪ್ಪು ಖಾರ ಇಲ್ವಂತೆ," ಅಂದರು ಉಗ್ರಾಣದವರು.

"ಅಯ್ಯೋ ದೇವ್ರೇ! ಇಂಥವರನ್ನ ಸುಮ್ನೆ ನಿಲ್ಲಿಸಬಾರದು, ನಡೆಸಬೇಕು!"

ಒಬ್ಬರು ಒಂದು ರಟ್ಟೆ, ಇನ್ನೊಬ್ಬರು ಇನ್ನೊಂದು. ಅಂಗಳದ ಸುತ್ತ ದರದರ ನಡೆಸಿದರು. ಕೈ ತಟ್ಟಿಸಿದರು. "ನಗಿ ಅಣ್ಣಾ, ಹೊಟ್ಟೆಯಿಂದ ನಗಿ" ಅಂತ ಅಕ್ಕ ಗದರಿದಳು. ರುಚಿಯಣ್ಣ ಅಳುತ್ತಲೇ "ಹಾ ಹಾ" ಅಂದ.

ಆ ಹೊತ್ತಿಗೇ ಮ್ಯಾನೇಜರಮ್ಮ ಅತ್ತ ಬಂದರು. "ರುಚಿಯಣ್ಣ, ಇವತ್ತಿನ ಸೂಪಿನ ವಿಷಯ ಒಂದು ಮಾತು ಹೇಳೋದಿತ್ತು..."

ರುಚಿಯಣ್ಣನ ಜೀವ ಬಾಯಿಗೆ ಬಂತು. ಸೂಪು ಕೆಟ್ಟಿದೆ ಅಂತ ಇವರಿಗೆ ತಿಳಿದರೆ ಖಾಯಂ ಕೆಲಸಕ್ಕೆ ಎಳ್ಳುನೀರೇ ಸೈ. ಇನ್ನೊಂದು ಸಲ ಜೋರಾಗಿ "ಹಾ ಹಾ" ಅಂದ. ಅಕ್ಕ ಮ್ಯಾನೇಜರಮ್ಮನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಉಸುರಿದಳು. ಅವರ ಮುಖ ಕರಗಿತು.

"ಹೌದಾ? ಪಾಪ! ಹಾಗಿದ್ರೆ ಈಗ ಬೇಡ ಬಿಡಿ, ಆಮೇಲೆ ಹೇಳ್ತೀನಿ. ನೀವು ಸುಧಾರಿಸ್ಕೊಳ್ಳಿ," ಅಂದು ಹೊರಟೇಹೋದರು.

ಬದುಕಿದೆಯಾ ಬಡಜೀವವೇ ಅಂದುಕೊಂಡ ರುಚಿಯಣ್ಣ. ಗೇಟಿನ ಹತ್ತಿರ ಕಾರಿನ ಹಾರ್ನ್ ಕೇಳಿಸಿತು. ಗಿರಾಕಿ!

"ಇನ್ನೊಂದೇ ಉಪಾಯ ಬಾಕಿ. ಅಪ್ಪುಗೆ!" ಅಂತ ಉಗ್ರಾಣದವರು ತೋಳು ಚಾಚಿದರು.

ರುಚಿಯಣ್ಣ ಹಾರಿ ಅಪ್ಪಿಕೊಂಡ. ಎಷ್ಟು ಗಟ್ಟಿಯಾಗಿ ಅಂದರೆ ಉಗ್ರಾಣದವರ ಕಣ್ಣು ತುಂಬಿ ಬಂತು. ಆ ಸಡಗರದಲ್ಲಿ ಸೊಂಟದ ಬೀಗದ ಕೈ ಇವನ ಅಂಗೈಗೆ ಬಂದದ್ದು ಅವರಿಗೆ ಗೊತ್ತಾಗಲೇ ಇಲ್ಲ. "ಸರಿ! ಈಗ ಸರಿ!" ಅಂತ ಹಲ್ಲು ಕಿರಿದು ಓಡಿದ. ಬೀಗ ತೆಗೆದ, ಎರಡು ಹಿಡಿ ಉಪ್ಪು ಬಾಚಿದ, ಕೊಪ್ಪರಿಗೆಗೆ ಸುರಿದು ತಿರುವಿದ. ತೋಳು ಬಿದ್ದು ಹೋಗುವ ಹಾಗೆ ತಿರುವಿದ. ಒಂದು ಚಮಚ ಬಾಯಿಗಿಟ್ಟ. ಸರಿ! ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸೂಪಿನ ಬಟ್ಟಲು ಗಿರಾಕಿಯ ಮುಂದೆ ಹೋಯಿತು.

ಗಿರಾಕಿ ಕನ್ನಡಕದ ವಯಸ್ಸಾದ ಹೆಂಗಸು. ಒಂದು ಗುಟುಕು ಕುಡಿದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು.

"ಆಹಾ, ಎಂಥಾ ರುಚಿ!"

ರುಚಿಯಣ್ಣನಿಗೆ ಕುಣಿದಾಡುವಷ್ಟು ಖುಷಿ. ಆದರೆ ಅವರು ಇನ್ನೊಂದು ಗುಟುಕು ನಿಧಾನವಾಗಿ ಕುಡಿದು ಬಟ್ಟಲು ಕೆಳಗಿಟ್ಟರು. "ಇದಕ್ಕೆ ಉಪ್ಪು ಹಾಕಿದೀರಾ?"

"ಹಾಕಿದೀನಿ ಅಮ್ಮಾ! ನನ್ನ ಕೈಯಾರೆ, ಹದ ನೋಡಿ ಹಾಕಿದೀನಿ!" ಕಾರ್ಖಾನೆಗೆ ಸೇರಿದ ಮೇಲೆ ಅವನು ಆಡಿದ ಅತಿ ಉದ್ದದ ಮಾತು ಅದು.

"ನಮ್ಮದು ಆಸ್ಪತ್ರೆ," ಅಂದರು ಅವರು ಎದ್ದು ನಿಂತು. "ಬಿಪಿ ಇರೋ ರೋಗಿಗಳಿಗೆ ಉಪ್ಪಿಲ್ಲದ ಸೂಪು ಬೇಕು ಅಂತ ತಾನೇ ನಾವು ಕೇಳಿದ್ದು?"

ಕಾರು ಹೋಯಿತು. ಮ್ಯಾನೇಜರಮ್ಮ ಹಣೆ ಹಣೆ ಬಡಿದುಕೊಂಡರು. "ಅದನ್ನೇ ರೀ ನಾನು ಹೇಳೋಕೆ ಬಂದಿದ್ದು! ಪಾಪ, ಸಪ್ಪೆಯಾಗಿದಾರೆ, ಕೆಲಸದ ಮಾತೆತ್ತಿ ಯಾಕೆ ಗೋಳು ಹೊಯ್ಕೊಳ್ಳೋದು ಅಂತ ಬಿಟ್ಟೆ. ನಾಳೆಯಿಂದ ನೀವು ಬರೋದು ಬೇಡ."

ರುಚಿಯಣ್ಣ ಅಂಗಳದ ಬಿಸಿಲಲ್ಲಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕುಸಿದ. ಈಗ ನಿಜಕ್ಕೂ ಮನಸ್ಸು ಪಾತಾಳಕ್ಕೆ ಇಳಿದಿತ್ತು. ಉಗ್ರಾಣದವರೂ ಇಲ್ಲ, ಅಕ್ಕನೂ ಇಲ್ಲ. ಇಬ್ಬರೂ ಅದೆಲ್ಲಿ ಮಾಯವಾದರೋ. ತಾನೇ ಉಸಿರು ಎಳೆದ, ಬಿಟ್ಟ. ಏನೂ ಆಗಲಿಲ್ಲ. ಫೋನ್ ಹೊಡೆದುಕೊಂಡಿತು. ಹೆಂಡತಿ.

"ಏನ್ರೀ, ಹೇಗಿದೆ?"

"ಸಪ್ಪೆ," ಅಂದ ರುಚಿಯಣ್ಣ. ದನಿ ನಡುಗಿತು. "ಪೂರ್ತಿ ಸಪ್ಪೆ ಕಣೇ."

"ಅಯ್ಯೋ, ಅಷ್ಟಕ್ಕೆ ಯಾಕ್ರೀ ಅಳ್ತೀರಾ? ಗಿರಾಕಿ ಬರೋದ್ರೊಳಗೆ ಬೇಗ ಎರಡು ಹಿಡಿ ಉಪ್ಪು ಹಾಕಿ!"