ಮೂರು ಸೆಂಟಿಮೀಟರ್ ವಿಷಯವಾಗಿ ನಮ್ಮ ಬೀದಿಯ ರೋಡ್ ಹಂಪ್‌ಗೆ

ಕ್ರುಶೆವಾಟ್ಸ್, ಅಕ್ಟೋಬರ್

ಮಾನ್ಯರೇ,

ಬಿಸಿಲು, ಹಿಮ, ಚುನಾವಣೆ ಯಾವುದಕ್ಕೂ ಜಗ್ಗದೆ ನಮ್ಮ ಬೀದಿಗೆ ಅಡ್ಡಲಾಗಿ ಮಲಗಿ ಸೇವೆ ಸಲ್ಲಿಸುತ್ತಿರುವ ತಮಗೆ, ಇದೇ ಬೀದಿಯ ಕೊನೆಯ ಮನೆಯ ವೆಲಿಮಿರ್ ಮಾಡುವ ನಮಸ್ಕಾರಗಳು. ಊರೆಲ್ಲ ತಮ್ಮನ್ನು 'ಮಲಗಿದ ಪೊಲೀಸ್' ಎಂದೇ ಕರೆಯುವುದರಿಂದ ಸಮವಸ್ತ್ರದವರಿಗೆ ಸಲ್ಲುವ ಮರ್ಯಾದೆಯನ್ನೇ ಸಲ್ಲಿಸುತ್ತಿದ್ದೇನೆ. ನಾನು ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆಯುವ ಗುಮಾಸ್ತ. 'ತಮ್ಮ ದೂರು ಪರಿಶೀಲನೆಯಲ್ಲಿದೆ' ಎಂಬ ವಾಕ್ಯವನ್ನು ನಿದ್ದೆಗಣ್ಣಲ್ಲೂ ತಪ್ಪಿಲ್ಲದೆ ಬರೆಯಬಲ್ಲೆ. ಆದರೆ ಮೇಜಿನ ಆಚೆ ಬದಿಗೆ ಕೂತು ದೂರು ಬರೆದು ಅಭ್ಯಾಸವಿಲ್ಲ, ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ಮೊದಲು ನಮ್ಮ ಮನೆಯ ಪರಿಸ್ಥಿತಿಯನ್ನು ತಮ್ಮ ಗಮನಕ್ಕೆ ತರುತ್ತೇನೆ. ನನ್ನ ಹೆಂಡತಿ ಸ್ಲಾವಿತ್ಸಾಳ ತಾಯಿ ದೇಸಾಂಕಾ ಅವರಿಗೆ ಈಸ್ಟರ್ ಹೊತ್ತಿಗೆ ಸೊಂಟದ ಕೀಲಿನ ಆಪರೇಷನ್ ಆಯಿತು. ದಿನಾ ನಡೆಯದೆ ಹೋದರೆ ಆ ಕಾಲು ಮತ್ತೆಂದೂ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅತ್ತೆಯವರು ಅದನ್ನು ಸಾವಧಾನವಾಗಿ ಕೇಳಿ, ಮಂಚದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮಂಚಕ್ಕೆ ಕೋಲೂರಿಕೊಂಡು ಓಡಾಡುವುದೇ ಸಾಕೆಂದು ತೀರ್ಮಾನಿಸಿದರು. ಸ್ಲಾವಿತ್ಸಾ ಬೇಡಿಕೊಂಡಳು, ಜಗಳವಾಡಿದಳು, ಅಡುಗೆಮನೆಯಲ್ಲಿ ನಿಂತು ಅತ್ತಳು. ಅವರು ಹೊರಗೆ ಬರುತ್ತಿದ್ದುದೆಂದರೆ ಭಾನುವಾರ ನನ್ನ ಕಾರಿನ ಮುಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು ಕೂತಾಗ ಮಾತ್ರ. ತಮ್ಮ ಮೇಲೆ ಹಾದುಹೋಗುವಾಗಲೆಲ್ಲ ಅವರು ಬಿಡುತ್ತಿದ್ದ ನಿಟ್ಟುಸಿರು ತಮ್ಮ ಕಿವಿಗೂ ಬಿದ್ದಿರಬೇಕು.

ಇಂಥ ಹೊತ್ತಿನಲ್ಲಿ ನನಗೆ ಕಾರನ್ನು ತಗ್ಗಿಸುವ ಆಸೆ ಹುಟ್ಟಿತೆಂದರೆ ತಾವು ನಗಬಾರದು. ನಮ್ಮ ಹಳೆಯ ವ್ಯಾಗನ್ ಕಾರಿನ ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಬೆಕ್ಕು ಮಲಗುವಷ್ಟು ಜಾಗವಿತ್ತು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಮದುವೆಗೆ ಬಂದವನ ಹಾಗೆ ಅದು ನಿಂತಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕಚೇರಿಯಲ್ಲಿ ತಲೆ ತಗ್ಗಿಸಿಯೇ ಬದುಕುವವನಿಗೆ ಕಾರಾದರೂ ಸ್ವಲ್ಪ ಠೀವಿಯಿಂದ ಇರಲಿ ಎಂಬ ಆಸೆ ಇರಬಾರದೇ?

ನನ್ನ ಮದುವೆಗೆ ಸಾಕ್ಷಿ ನಿಂತ ಝಿವೋತಾ ಮೆಕ್ಯಾನಿಕ್. ನಮ್ಮಲ್ಲಿ ಸಾಕ್ಷಿ ನಿಂತವನೆಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು, ಅವನ ಮಾತನ್ನು ತೆಗೆದುಹಾಕುವ ಹಾಗಿಲ್ಲ. ನೆಲದ ಮೇಲೆ ಸಿಗರೇಟ್ ಪ್ಯಾಕು ನಿಲ್ಲಿಸಿ ಮೇಲೆ ಕಾರು ಹಾಯಿಸಿದರೆ ಹೊಟ್ಟೆ ತಗುಲಿ ಅದು ಬೀಳಬೇಕು, ಆಗಲೇ ಕಾರು ತಗ್ಗಿದೆ ಎಂದರ್ಥ ಎಂಬುದು ಅವನ ಸಿದ್ಧಾಂತ. ಅದಕ್ಕೆ ಸ್ಲಾವಿತ್ಸಾ ಅವನೆದುರೇ ನನಗೆ ಷರತ್ತು ಹಾಕಿದಳು. "ನೋಡ್ರೀ, ಅಮ್ಮ ಒಂದೇ ಒಂದು ಸಲ 'ಅಯ್ಯೋ' ಅಂದ್ರೆ, ಹಳೇ ಸ್ಪ್ರಿಂಗನ್ನ ನೀವೇ ಕೂತು ಹಾಕ್ಬೇಕು. ಅವಳಿಗೆ ಉಳಿದಿರೋದು ಈ ಕಾರೊಂದೇ."

ಹೀಗಾಗಿ ಬೇಸಿಗೆಯೆಲ್ಲ ನಾನು ಸ್ಪ್ರಿಂಗುಗಳ ಅಧ್ಯಯನ ಮಾಡಿದೆ. ಗಿಡ್ಡ ಸ್ಪ್ರಿಂಗು ಗಟ್ಟಿಯಾಗಿರುತ್ತದೆ, ಗಟ್ಟಿಯಾದದ್ದು ರಸ್ತೆಯ ಪ್ರತಿ ಕಲ್ಲನ್ನೂ ನೇರ ಬೆನ್ನುಮೂಳೆಗೆ ತಲುಪಿಸುತ್ತದೆ. ಮೆತ್ತಗಿರಬೇಕೆಂದರೆ ತೀರಾ ತಗ್ಗಿಸುವ ಹಾಗಿಲ್ಲ. ಕೊನೆಗೆ ಮೂರೇ ಸೆಂಟಿಮೀಟರ್ ತಗ್ಗಿಸುವ, ಒಂದು ತುದಿಯಲ್ಲಿ ಸುರುಳಿಗಳು ಒತ್ತೊತ್ತಾಗಿದ್ದು ಮೊದಮೊದಲು ಮೆತ್ತಗೆ ಕುಸಿದು ಆಮೇಲೆ ಬಿಗಿಯಾಗುವ ಜಾತಿಯದನ್ನು ಆರಿಸಿದೆ. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಹಾಕಿಸಿದೆ. ಝಿವೋತಾ ಇದನ್ನು ಅಜ್ಜಿಯರ ಸ್ಪ್ರಿಂಗು ಎಂದು ಗ್ಯಾರೇಜಿನಲ್ಲಿ ಸಾರಿದ. ಅದು ಅಜ್ಜಿಗಾಗಿಯೇ ತಂದದ್ದು, ನನಗೆ ಬೇಸರವಾಗಲಿಲ್ಲ.

ಪರೀಕ್ಷೆ ನಡೆದದ್ದು ತಮ್ಮ ಮೇಲೆಯೇ. ಅತ್ತೆಯವರ ಕೈಗೆ ತುಂಬಿದ ಕಾಫಿ ಲೋಟ ಕೊಟ್ಟು, ಉಸಿರು ಬಿಗಿಹಿಡಿದು ತಮ್ಮನ್ನು ಹತ್ತಿ ಇಳಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಅವರು ಲೋಟವನ್ನೂ ನನ್ನನ್ನೂ ನೋಡಿ, "ಪರವಾಗಿಲ್ಲ ಅಳಿಯಂದ್ರೇ, ಮುಂಚಿಗಿಂತ ಕೆಟ್ಟೇನೂ ಹೋಗಿಲ್ಲ" ಎಂದರು. ಮದುವೆಯಾದಂದಿನಿಂದ ಆ ಬಾಯಿಂದ ನನಗೆ ಇಷ್ಟು ದೊಡ್ಡ ಹೊಗಳಿಕೆ ಬಿದ್ದಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅಳತೆಯನ್ನೆಲ್ಲ ನಾನು ತೆಗೆದದ್ದು ಖಾಲಿ ಕಾರಿನಲ್ಲಿ, ಅದೂ ಜುಲೈಯಲ್ಲಿ. ಸೆಪ್ಟೆಂಬರಿನಲ್ಲಿ ನಮ್ಮೂರಲ್ಲಿ ಯಾರ ಕಾರೂ ಖಾಲಿಯಿರುವುದಿಲ್ಲ ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಸುಟ್ಟು, ಸುಲಿದು, ಎಣ್ಣೆಯಲ್ಲಿ ಬೇಯಿಸಿ ಚಳಿಗಾಲಕ್ಕೆ ಐವಾರ್ ಎಂಬ ಗೊಜ್ಜು ಮಾಡಿಡದ ಮನೆಯನ್ನು ಇಲ್ಲಿ ಮನೆ ಎನ್ನುವುದಿಲ್ಲ. ಆ ಶನಿವಾರ ಹಳ್ಳಿಯಿಂದ ಹೊರಟಾಗ ಡಿಕ್ಕಿಯ ತುಂಬ ಮೆಣಸಿನಕಾಯಿ ಮೂಟೆ, ಹಿಂದಿನ ಸೀಟಿನಲ್ಲಿ ಸ್ಲಾವಿತ್ಸಾ, ಮತ್ತೊಂದು ಮೂಟೆ, ಮೂಟೆಯಷ್ಟೇ ತೂಗುವ ಝಿವೋತಾ, ಅವನ ತೊಡೆಯ ಮೇಲೆ ಹಣ್ಣಿನ ಸಾರಾಯಿಯ ದೊಡ್ಡ ಸೀಸೆ. ಮುಂದೆ ಅತ್ತೆಯವರು, ನಾವು ಮೆಣಸಿನಕಾಯಿ ಆರಿಸಿದ್ದು ಸರಿಯಿದೆಯೋ ಇಲ್ಲವೋ ನೋಡಲೆಂದೇ ಬಂದಿದ್ದವರು. ಅವರಿಗಾಗಿಯೇ ಮೆತ್ತಗಿರಲೆಂದು ಆರಿಸಿದ ಸ್ಪ್ರಿಂಗು ಹೇಳಿದ ಮಾತಿಗೆ ತಪ್ಪದೆ ಮೆತ್ತಗೆ ಕುಸಿದಿತ್ತು. ಮುಂದಿನ ಚಕ್ರಗಳು ತಮ್ಮನ್ನು ದಾಟಿದವು, ಹೊಟ್ಟೆ ದಾಟಲಿಲ್ಲ. ಹಿಂದಕ್ಕೆ ತೆಗೆಯಲು ಹೋದರೆ ಸೈಲೆನ್ಸರ್ ಕಿರುಚಿತು.

ಬೀದಿಯವರೆಲ್ಲ ಮನೆಮುಂದೆ ಒಲೆ ಹೂಡಿ ಮೆಣಸಿನಕಾಯಿ ಸುಡುತ್ತಿದ್ದ ಹೊತ್ತು. ಮಸಿಗೈಯಲ್ಲೇ ಬಂದು ಸುತ್ತ ನಿಂತರು. ಎಡಕ್ಕೆ ತಿರುಗಿಸು ಎಂದವರುಂಟು, ಬಲಕ್ಕೆ ಎಂದವರುಂಟು, ಇಂಜಿನ್ ಆರಿಸಿ ಒಂದೊಂದು ಗುಟುಕು ಕುಡಿದು ಯೋಚಿಸೋಣ ಎಂದವರೂ ಉಂಟು. ಮೂಟೆಗಳನ್ನು ಇಳಿಸಿದೆವು, ಸ್ಲಾವಿತ್ಸಾ ಇಳಿದಳು, ಝಿವೋತಾ ಸೀಸೆಯ ಸಮೇತ ಇಳಿದ. ಸೈಲೆನ್ಸರ್ ತಮಗೆ ಸಿಕ್ಕಿಹಾಕಿಕೊಂಡಿದ್ದರಿಂದ ಕಾರು ಇನ್ನೂ ಬೆರಳಗಲದಷ್ಟು ಕೂತೇ ಇತ್ತು. ಎಲ್ಲರ ಕಣ್ಣೂ ಮುಂದಿನ ಸೀಟಿನತ್ತ ಹೊರಳಿತು.

ಅತ್ತೆಯವರು ಕದಲಲಿಲ್ಲ. ಕಾಲಿನ ಸಬೂಬನ್ನೂ ಹೇಳಲಿಲ್ಲ. "ನಾನಿಳಿದ ತಕ್ಷಣ ಇದು ಎದ್ದು ನಿಲ್ತು ಅನ್ನಿ, ಈ ಬೀದಿ ಕ್ರಿಸ್‌ಮಸ್‌ವರೆಗೂ ಅದನ್ನೇ ಆಡ್ಕೊಳ್ಳುತ್ತೆ. ಎತ್ತೋದಾದ್ರೆ ನನ್ನ ಸಮೇತ ಎತ್ತಿ" ಎಂದರು.

ಆಗ ತಮ್ಮ ಪಕ್ಕದ ಮನೆಯ ವಿದೋಸಾವಾ, ಕೆಳಗಿಟ್ಟಿದ್ದ ಮೂಟೆಗೆ ಕೈಹಾಕಿ ನಮ್ಮ ಮೆಣಸಿನಕಾಯೊಂದನ್ನು ಹಿಸುಕಿ ನೋಡಿದಳು. "ಇದರಲ್ಲಿ ತಿರುಳೇ ಇಲ್ವಲ್ಲ ದೇಸಾಂಕಾ. ಕಣ್ಣೂ ಆಪರೇಷನ್ ಮಾಡಿಸ್ಕೊಂಡ್ಯಾ ಹೆಂಗೆ?" ಎಂದಳು.

ಮಾನ್ಯರೇ, ಕಾರಿನ ಬಾಗಿಲು ತೆರೆಯಿತು. ಕೋಲು ಎಲ್ಲೋ ಮೂಟೆಗಳಡಿಯಲ್ಲಿತ್ತು, ಅದು ಯಾರಿಗೂ ನೆನಪಾಗಲಿಲ್ಲ, ಅತ್ತೆಯವರಿಗಂತೂ ಆಗಲೇ ಇಲ್ಲ. ಅವರು ನೇರ ಹೋಗಿ ವಿದೋಸಾವಾಳ ಕೈಯಿಂದ ಮೆಣಸಿನಕಾಯಿ ಕಿತ್ತುಕೊಂಡರು, ಅವಳ ಒಲೆಯ ಮೇಲಿದ್ದ ಸರಕನ್ನೊಮ್ಮೆ ನೋಡಿ ಬೈಗುಳದಲ್ಲೇ ಅವಳ ತವರಿನವರೆಗೂ ಹೋಗಿ ಬಂದರು, ಅದೇ ಬಿಸಿಯಲ್ಲಿ ಮೆಣಸಿನಕಾಯಿ ಹಿಡಿದುಕೊಂಡು ಬೀದಿಯ ಕೊನೆಯ ನಮ್ಮ ಮನೆಯವರೆಗೂ ನಡೆದುಬಿಟ್ಟರು. ಹಿಂದೆ ಕಾರು ಮೆಲ್ಲಗೆ ಎದ್ದು ನಿಂತದ್ದನ್ನು ನೋಡಿ ನಗುವುದಕ್ಕೂ ಯಾರಿಗೂ ಬಿಡುವಾಗಲಿಲ್ಲ. ಸ್ಲಾವಿತ್ಸಾ ಯಾರದೋ ಮಸಿಯಾದ ಏಪ್ರನ್ನಿನ ಅಂಚು ಹಿಡಿದುಕೊಂಡು ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತು, ಸೈಲೆನ್ಸರಿನ ದುಃಖಕ್ಕಲ್ಲ.

ಇಲ್ಲಿಂದ ನನ್ನ ದೂರು ಶುರುವಾಗುತ್ತದೆ. ಅಂದಿನಿಂದ ಅತ್ತೆಯವರು ದಿನಾ ಸಂಜೆ ತಮ್ಮವರೆಗೆ ನಡೆದು ಬರುತ್ತಾರೆ, ವಿದೋಸಾವಾಳ ಬೆಂಚಿನಲ್ಲಿ ಕೂತು ಜಗಳ ಮುಂದುವರಿಸುತ್ತಾರೆ, ನಡೆದೇ ವಾಪಸಾಗುತ್ತಾರೆ. ಡಾಕ್ಟರು ಬೆರಗಾಗಿ ಯಾವ ಚಿಕಿತ್ಸೆ ಕೊಡಿಸಿದಿರಿ ಎಂದು ಕೇಳಿದರು, ನಾನು ತಮ್ಮ ಹೆಸರು ಹೇಳಬೇಕಾಯಿತು. ಆದರೆ ಭಾನುವಾರ ಕಾರಿಗೆ ಕರೆದರೆ ಅವರು ಬರುವುದಿಲ್ಲ. ನಾಲ್ಕು ಜನ ಕೂತರೆ ಮಂಡಿಯೂರುವ ಗಾಡಿಗಿಂತ ಸ್ವಂತ ಕಾಲೇ ವಾಸಿ ಅನ್ನುತ್ತಾರೆ. ಒಬ್ಬರ ಸುಖಕ್ಕಾಗಿ ನಾನು ಇಡೀ ಬೇಸಿಗೆ ಕೂತು ಆರಿಸಿದ ಸ್ಪ್ರಿಂಗಿನ ಮೇಲೆ ಈಗ ಒಂದು ದಿಂಬು ಮಾತ್ರ ಸುಖವಾಗಿ ಓಡಾಡುತ್ತಿದೆ. ತಾವು ಎದ್ದು ಒಂದು ಕೆಲಸ ಮಾಡಿದವರಲ್ಲ, ಕೀರ್ತಿ ಪೂರ್ತಿ ತಮಗೆ.

ಆದಕಾರಣ ತಾವು ಪ್ರತಿ ಸೆಪ್ಟೆಂಬರಿನಲ್ಲಿ ಮೂರು ಸೆಂಟಿಮೀಟರ್ ಉಸಿರು ಒಳಗೆಳೆದುಕೊಳ್ಳಬೇಕೆಂದೂ, ಆಗದಿದ್ದರೆ ಶನಿವಾರಗಳಂದು ಮಗ್ಗುಲು ಬದಲಿಸಿ ರಸ್ತೆಯ ಉದ್ದಕ್ಕೆ ಮಲಗಬೇಕೆಂದೂ, ಸ್ಪ್ರಿಂಗಿನದೂ ಸ್ವಲ್ಪ ಪಾಲಿತ್ತೆಂದು ಅತ್ತೆಯವರ ಕಿವಿಗೆ ಹಾಕಬೇಕೆಂದೂ ಕೋರುತ್ತೇನೆ. ಅಂದು ಸಂಜೆ ಸಿಟ್ಟಿನ ಭರದಲ್ಲಿ ತಮ್ಮನ್ನು ಕೆತ್ತಿ ತಗ್ಗಿಸಬೇಕೆಂದು ನಗರಸಭೆಗೂ ಒಂದು ದೂರು ಹಾಕಿದ್ದೆ. ಅದರ ಬಗ್ಗೆ ತಾವು ನಿಶ್ಚಿಂತರಾಗಿರಿ, ಅದೇ ಕಸುಬಿನವನಾಗಿ ಹೇಳುತ್ತೇನೆ, ಅದು ಪರಿಶೀಲನೆಯಲ್ಲಿರುತ್ತದೆ.

ತಮ್ಮ ಮುಂದೆ ಸದಾ ವೇಗ ಇಳಿಸುವ,
ತಮ್ಮ ವಿಶ್ವಾಸಿ,
ವೆಲಿಮಿರ್

ತಾ.ಕ.: ಸಹಿ ಮಾಡುವಷ್ಟರಲ್ಲಿ ಹೊರಗೆ ಗದ್ದಲವಾಯಿತು. ನಗರಸಭೆ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ದೂರನ್ನು ಓದಿದೆ. ತಮ್ಮನ್ನು ಕೆತ್ತಲು ಯಂತ್ರ ಹಿಡಿದುಕೊಂಡು ಆಳುಗಳು ಬಂದಿದ್ದಾರೆ. ಅತ್ತೆಯವರು ಅಡುಗೆಮನೆಯ ಕುರ್ಚಿಯನ್ನು ಸ್ವತಃ ಹೊತ್ತುಕೊಂಡು ಹೋಗಿ ತಮ್ಮ ನಡುಬೆನ್ನಿನ ಮೇಲೆ ಹಾಕಿ ಕೂತಿದ್ದಾರೆ, ಪಕ್ಕದಲ್ಲಿ ವಿದೋಸಾವಾ. ಏಳುವ ಲಕ್ಷಣ ಕಾಣುತ್ತಿಲ್ಲ. ದೂರು ಕೊಟ್ಟವರು ಯಾರೆಂದು ಅವರಿಗಿನ್ನೂ ಗೊತ್ತಿಲ್ಲ, ತಾವು ಬಾಯಿ ಬಿಡಬಾರದು. ನನಗೆ ಕಾಫಿ ತರಲು ಕೂಗಿ ಹೇಳಿದ್ದಾರೆ: "ಕಾರಲ್ಲಿ ತರ್ಬೇಡಿ ಅಳಿಯಂದ್ರೇ, ಚೆಲ್ಲುತ್ತೆ. ನಡ್ಕೊಂಡು ಬನ್ನಿ."