ಒಂದೆಳೆ ದಾರ, ಒಂದಿಡೀ ಗೋಡೆ

ಮೂರು ದಿನ ಸೂಜಿ ಮುಟ್ಟುವುದಿಲ್ಲ ಎಂದು ನಾನು ಘೋಷಿಸಿದಾಗ ಹೆಂಡತಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ತಲೆ ಎತ್ತಲೂ ಇಲ್ಲ. ಇಪ್ಪತ್ತೈದು ವರ್ಷ ದರ್ಜಿಯೊಬ್ಬನ ಜೊತೆ ಬಾಳಿದವಳು ಅವಳು. ನಮ್ಮ ಪ್ರವಾಸಗಳೆಲ್ಲ ಯಾರದೋ ಅರ್ಜೆಂಟು ಪ್ಯಾಂಟಿನಿಂದಾಗಿ ಹೊಸಿಲಲ್ಲೇ ಮುಗಿದಿದ್ದವು. ನನಗೆ ರೋಷ ಬಂತು. ಮುಟ್ಟಿದರೆ ಇನ್ನು ಮೇಲೆ ಭಾನುವಾರ ಅಂಗಡಿಯ ಬಾಗಿಲೇ ತೆಗೆಯುವುದಿಲ್ಲ, ಇದು ನನ್ನ ಮಾತು ಎಂದೆ.

"ದರ್ಜಿ ಮಾತು ಬೇಡ, ಅದನ್ನ ಊರೆಲ್ಲ ನೋಡಿದೆ," ಎಂದಳು. "ಗಂಡನ ಮಾತು ಕೊಡಿ."

ಕೊಟ್ಟೆ.

ಸಮುದ್ರದ ದಂಡೆಯ ಆ ಐಷಾರಾಮಿ ಟೆಂಟು ನಮ್ಮ ಮಗಳ ಉಡುಗೊರೆ. ಟೆಂಟು ಅಂದರೆ ನಾಲ್ಕು ಗೂಟ, ಒಂದು ಹಗ್ಗ ಅಂದುಕೊಂಡಿದ್ದೆ. ಇಲ್ಲಿ ಅರಮನೆಗೇ ಅಂಗಿ ಹೊಲಿಸಿ ತೊಡಿಸಿದ್ದರು! ಒಳಗೆ ತೂಗುದೀಪ, ರತ್ನಗಂಬಳಿ, ನಾಲ್ವರು ಮಲಗುವ ಮಂಚ, ಪರದೆಯ ಆಚೆ ಸ್ನಾನದ ತೊಟ್ಟಿ. ಹೆಂಡತಿ ಚಪ್ಪಲಿ ಬಿಟ್ಟವಳೇ ನೇರ ಅಲೆಗಳಿಗೆ ಹೋಗಿ ಕಾಲು ನೆನೆಸಿಕೊಂಡು ಬಂದಳು. ಅವಳು ಸಮುದ್ರ ನೋಡಿದ್ದು ಅದೇ ಮೊದಲು. ನನಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಳು. ನಾನು ಮಂಚದ ಮೇಲೆ ಕೂತು ಸಮುದ್ರ ನೋಡಬೇಕಿತ್ತು. ನೋಡಿದ್ದು ಹೊಲಿಗೆಯನ್ನು. ಟೆಂಟಿನ ಬಟ್ಟೆಗೋಡೆಯ ಮೂಲೆಯಲ್ಲಿ ಒಂದೆಳೆ ದಾರ ಜೋತುಬಿದ್ದಿತ್ತು. ಮಾತು ಕೊಟ್ಟಿದ್ದು ಸೂಜಿಯ ಬಗ್ಗೆ, ದಾರದ ಬಗ್ಗೆ ಅಲ್ಲವಲ್ಲ! ಹಿಡಿದು ಎಳೆದೆ.

ಅದು ಸರಪಳಿ ಹೊಲಿಗೆ. ಸಿಮೆಂಟ್ ಚೀಲದ ಬಾಯಿಗೆ ಹಾಕುತ್ತಾರಲ್ಲ, ಅದೇ. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಮೂವತ್ತು ವರ್ಷದ ಅನುಭವಿ ಕೈ, ಸರಿಯಾದ ತುದಿಯನ್ನೇ ಹಿಡಿದಿತ್ತು. ಸರ್ರನೆ ಸದ್ದಾಯಿತು. ಗೋಡೆ ಬಹಳ ಮರ್ಯಾದೆಯಿಂದ ಕೆಳಗಿಳಿದು ಮರಳಿನ ಮೇಲೆ ಮಲಗಿತು. ಎದುರಿಗೆ ಛತ್ರಿಗಳ ಕೆಳಗೆ ತಿಂಡಿ ತಿನ್ನುತ್ತಿದ್ದ ಹತ್ತು ಹದಿನೈದು ಜನ. ಇತ್ತ ಬನಿಯನ್ನಿನಲ್ಲಿ ನಾನು, ಕೈಯಲ್ಲಿ ಮಾರುದ್ದ ದಾರ. ಪರದೆಯ ಹಿಂದಿನಿಂದ ಹೆಂಡತಿ ಅದೇನು ಸದ್ದು ಎಂದು ಕೇಳಿದಳು. ಗಾಳಿ ಎಂದೆ.

ಟೈ ಕಟ್ಟಿದ ಮ್ಯಾನೇಜರ್ ಓಡಿ ಬಂದರು. ಬೇರೆ ಟೆಂಟು ಖಾಲಿ ಇಲ್ಲ, ರಿಪೇರಿಯವರು ಬರಲು ನಾಲ್ಕು ದಿನ ಬೇಕು, ನಿಮ್ಮನ್ನು ಈಗಲೇ ವಾಪಸು ಕಳಿಸದೆ ಗತಿಯಿಲ್ಲ ಎಂದು ವಿನಯದಿಂದಲೇ ಹೇಳಿದರು. ಅಷ್ಟರಲ್ಲಿ ಬಟ್ಟೆ ಬದಲಿಸಿ ಬಂದಿದ್ದ ಹೆಂಡತಿ ಅದನ್ನೆಲ್ಲ ಕೇಳಿಸಿಕೊಂಡಳು. ಸಮುದ್ರವನ್ನೊಮ್ಮೆ ನೋಡಿ, ಸೂಟ್‌ಕೇಸನ್ನು ಮಂಚದ ಮೇಲೆ ಎತ್ತಿಟ್ಟಳು.

"ದಪ್ಪ ಸೂಜಿ ಇದೆಯಾ ಸಾರ್?" ಎಂದು ಮ್ಯಾನೇಜರನ್ನು ಕೇಳಿದೆ.

ಸಂಜೆಯವರೆಗೆ ಹೊಲಿದೆ. ತಿಂಡಿ ತಿಂದವರೇ ಮಧ್ಯಾಹ್ನ ಊಟದ ತಟ್ಟೆ ಹಿಡಿದು ಬಂದು ನೋಡಿ ಹೋದರು. ಬೆರಳು ತೂತಾದವು, ಗೋಡೆ ನಿಂತಿತು, ನಾವು ಉಳಿದೆವು. ದಿನವಿಡೀ ನೀರಲ್ಲಿ ಆಡಿ ಬಂದ ಹೆಂಡತಿಗೆ, ಮಾತಿಗೆ ತಪ್ಪಿದೆ, ಇನ್ನು ಭಾನುವಾರ ಅಂಗಡಿ ಮುಚ್ಚಿ ಕಾಲು ಚಾಚಿ ಮಲಗುವುದೇ ಎಂದೆ. ಸೋತು ಗೆದ್ದೆ ಎಂದು ಒಳಗೊಳಗೆ ಹಿಗ್ಗುತ್ತಿದ್ದೆ.

ಅವಳು ಸೂಟ್‌ಕೇಸಿನ ತಳದಿಂದ ಇನ್ನೂ ಹೊಲಿಯದ ಒಂದು ನೀಲಿ ಬಟ್ಟೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಎಂಟು ವರ್ಷದಿಂದ ನಾಳೆ ಹೊಲಿದು ಕೊಡ್ತೀನಿ ಅಂತಿದ್ದೀರಿ. ಬರೋ ಭಾನುವಾರ ಬಿಡುವಾಗಿರ್ತೀರಲ್ಲ."

"ಇದನ್ನ ಇಲ್ಲಿಗೆ ಯಾಕೆ ತಂದೆ?"

"ನೀವು ಮೂರು ದಿನ ತಡೀತೀರಿ ಅಂತ ನಂಗೇನು ನಂಬಿಕೆ ಇತ್ತಾ?"

ಊರಿನ ಅರ್ಧ ಜನರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. ಅವಳದನ್ನು ಮಾತ್ರ ಅವಳನ್ನೇ ಕೇಳಬೇಕಾಯಿತು.