ಒತ್ತು ನುಂಗಿದ ಕಂಪ್ಯೂಟರ್

ಹಾನಗಲ್ಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನನಗೆ ಕಂಪ್ಯೂಟರಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ. ಆದ್ದರಿಂದ ಅದು ದಿನಾ ಬೆಳಿಗ್ಗೆ, "ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ, ಇನ್ನು ರಕ್ಷಣೆ ಸಿಗದು" ಎಂದು ಹೆದರಿಸತೊಡಗಿದಾಗ ಸಿಟ್ಟು ಬಂತು. ನನ್ನ ಅಂಗಡಿಯಲ್ಲಿ ಕುಳಿತು, ನನ್ನ ಕರೆಂಟು ತಿಂದು, ನನಗೇ ಧಮಕಿ!

"ಇವತ್ತ ಇದನ್ನ ಹೊಸಾದು ಮಾಡೇ ಬಿಡ್ತೇನಿ," ಎಂದೆ.

ಪತ್ರಿಕೆಗಳ ಮೂಲೆಗೆ ಅರಿಷಿಣ ಹಚ್ಚುತ್ತಿದ್ದ ಹೆಂಡತಿ ಶಾಂತಾ ತಲೆ ಎತ್ತಿದಳು. "ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತುಂಬಿದ ಲಗ್ನದ ಹಂಗಾಮದಾಗ ಯಾಕ? ಆಷಾಢದಾಗ ಕೆಲಸ ಇರಂಗಿಲ್ಲ, ಆಗ ಮಾಡ್ರಿ. ನಾಳೆ ಚಿಕ್ಕೇರೂರಿನ ನಿಂಗಪ್ಪಣ್ಣ ಮಗಳ ಪತ್ರಿಕಿ ಒಯ್ಯಾಕ ಬರ್ತಾರ."

"ಅರ್ಧ ತಾಸಿನ ಕೆಲಸ!" ಎಂದು ಗುಂಡಿ ಒತ್ತಿದೆ.

ಅರ್ಧ ತಾಸು ಸಂಜೆಯವರೆಗೆ ನಡೆಯಿತು. ಕೊನೆಗೆ ಪರದೆ "ಸುಸ್ವಾಗತ" ಎಂದಿತು. ಸ್ವಾಗತಿಸಿದ್ದು ನನ್ನೊಬ್ಬನನ್ನೇ. ಪ್ರಿಂಟರನ್ನು ಅದು ಗುರುತೇ ಹಿಡಿಯಲಿಲ್ಲ! ಎಂಟು ವರ್ಷ ಜೊತೆಗೆ ದುಡಿದು, ಮೊಳ ದೂರದಲ್ಲಿ ಕುಳಿತಿದ್ದರೂ "ಯಾವುದೇ ಪ್ರಿಂಟರ್ ಕಾಣುತ್ತಿಲ್ಲ" ಅಂತೆ. ಇಂಥ ಕೃತಘ್ನತೆಯನ್ನು ನಾನು ಬಂಧುಬಳಗದಲ್ಲಿಯೂ ಕಂಡಿಲ್ಲ!

ಮರುದಿನ ಬೆಳಿಗ್ಗೆ ವೈರು ಕಿತ್ತು, ಹಾಕಿ, ಬೈದು, ಕೈಮುಗಿದು ಅವೆರಡನ್ನೂ ರಾಜಿ ಮಾಡಿಸಿದೆ. ಆಗ ನೋಡಿದರೆ ನನ್ನ ಹಳೆಯ ಕನ್ನಡ ಫಾಂಟ್ ನಾಪತ್ತೆ! ಪತ್ರಿಕೆಯ ತುಂಬ ಅಕ್ಷರದ ಬದಲು ಇರುವೆ ಸಾಲು. ಕೈಗೆ ಸಿಕ್ಕ ಇನ್ನೊಂದು ಫಾಂಟ್ ಹಾಕಿದೆ. ಅಕ್ಷರ ಮೂಡಿದವು. ಗೆದ್ದ ಹುಮ್ಮಸ್ಸಿನಲ್ಲಿ ಓದಿಯೂ ನೋಡದೆ ಮುನ್ನೂರು ಪತ್ರಿಕೆ ಅಚ್ಚು ಹಾಕಿದೆ.

ನಿಂಗಪ್ಪ ಬಂದರು. ಅಂದೇ ತಡಸಕ್ಕೆ ಹೋಗಿ ಬೀಗರಿಗೆ ಮೊದಲ ಪತ್ರಿಕೆ ಕೊಡುವವರಿದ್ದರು. ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದಿದರು: "ಚಿರಂಜೀವಿ ಮಲೇಶ..." ದನಿ ನಿಂತಿತು. "ನಮ್ಮ ಅಳಿಯ ಮಲ್ಲೇಶ ಅಲ್ಲೇನ್ರಿ? ಇಂವ ಯಾರು ಮಲೇಶ?"

ಹೊಸ ಫಾಂಟು ಲಕಾರದ ಒತ್ತನ್ನು ನುಂಗಿತ್ತು!

"ಒಂದ ಒತ್ತು ಹೋಗೇತ್ರಿ. ಓದಿದವರಿಗೆ ಅರ್ಥ ಆಗತೈತಿ," ಎಂದೆ.

"ಅರ್ಥ ಆಗೂದ ತ್ರಾಸು! ಮಲ ಅಂದ್ರ ಹೊಲಸು. ಹೊಲಸಿನ ಒಡೆಯಗ ಮಗಳನ್ನ ಕೊಡಾಕತ್ತೇನಿ ಅಂತ ಬೀಗರ ಮುಂದ ಓದ್ಲೇನು?"

ನಾನು ಕಂಪ್ಯೂಟರನ್ನು ಬೈಯತೊಡಗಿದೆ. ಶಾಂತಾ ಯಾರನ್ನೂ ಬೈಯಲಿಲ್ಲ. ನಿಂಗಪ್ಪನವರಿಗೆ ಚಹಾ ಕೊಟ್ಟು, ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತಳು. ಪತ್ರಿಕೆಗೆ ಎರಡು ಒತ್ತು: ಒಂದು ಮಲ್ಲೇಶನಿಗೆ, ಇನ್ನೊಂದು "ತಾವೆಲ್ಲರೂ" ಎಂಬಲ್ಲಿ. ಅಚ್ಚಿನ ಅಕ್ಷರವೇ ನಾಚಬೇಕು, ಅಷ್ಟು ದುಂಡಗೆ! ನಾನೂ ಒಂದಕ್ಕೆ ಕೈ ಹಾಕಿದೆ. ನನ್ನ ಒತ್ತು ಮಲ್ಲೇಶನನ್ನು ಬಿಟ್ಟು ಗಣಪತಿಯ ಸೊಂಡಿಲಿನ ಮೇಲೆ ಕುಳಿತಿತು.

"ನೀವು ಸುಮ್ಕ ಕುಂದರ್ರಿ!" ಎಂದರು ಇಬ್ಬರೂ ಒಟ್ಟಿಗೆ.

ಮಧ್ಯಾಹ್ನದ ಬಸ್ಸಿಗೆ ನಿಂಗಪ್ಪ ಹೊರಟರು. ತಡಸದ ಬೀಗರು, "ನಮ್ಮ ಹುಡುಗನ ಹೆಸರಿಗೆ ಎಷ್ಟ ಅಕ್ಕರೆಯಿಂದ ಕೈಲೆ ಕೆಂಪು ಒತ್ತು ಬರೆಸ್ಯಾರ!" ಎಂದು ಹಿಗ್ಗಿದರಂತೆ. ಸುದ್ದಿ ಹಬ್ಬಿತು. ಮುಂದಿನ ವಾರ ಅಬಲೂರಿನವರೊಬ್ಬರು ಬಂದು, ನನ್ನನ್ನು ನೋಡಿ, ಬಾಗಿಲಲ್ಲೇ ನಿಂತರು.

"ಅಕ್ಕಾರು ಅದಾರೇನ್ರಿ?"

"ಅಂಗಡಿ ಮಾಲೀಕ ನಾನ ಅದೇನ್ರಿ!" ಎಂದೆ, ಎದೆ ಸೆಟೆಸಿ.

"ಗೊತ್ತೈತ್ರಿ. ಅದಕ್ಕ ಕೇಳಾಕತ್ತೇನಿ."